ದೇವಯ್ಯ ಉರುಳಿಸಿದ ವಿಮಾನ: ಸಾಕ್ಷಿ ಹೇಳಿದ್ದು ಎದುರಾಳಿಯ ದಾಖಲೆ

ಐದು ಶತ್ರುವಿಮಾನಗಳನ್ನು ಆಕಾಶದಲ್ಲಿ ಹೊಡೆದುರುಳಿಸಿದ ಪೈಲಟ್‌ಗೆ ವಾಯುಪಡೆಗಳಲ್ಲಿ ‘ಏಸ್’ ಎಂಬ ಹೆಸರು. ಜೆಟ್‌ಗಳು ದೊಡ್ಡ ಸಂಖ್ಯೆಯಲ್ಲಿ ಮೊದಲ ಬಾರಿಗೆ ಪರಸ್ಪರ ಕಾದಾಡಿದ ಕೊರಿಯಾ ಯುದ್ಧದಲ್ಲಿ (1950-53) ಇಂಥವರು ಎರಡೂ ಕಡೆ ಇದ್ದರು. ಅಮೆರಿಕದ ಜೋಸೆಫ್ ಮೆಕಾನೆಲ್ ಹೆಸರಿನಲ್ಲಿ 16 ವಿಮಾನ, ಸೋವಿಯತ್ ಪೈಲಟ್ ನಿಕೊಲಾಯ್ ಸುತ್ಯಾಗಿನ್ ಹೆಸರಿನಲ್ಲಿ 20ಕ್ಕೂ ಹೆಚ್ಚು. ಈ ಲೆಕ್ಕ ಎಷ್ಟು ನಿಜ?

ಅಮೆರಿಕದ ಸೇಬರ್‌ಗಳು 792 ಮಿಗ್-15ಗಳನ್ನು ಉರುಳಿಸಿದವು, ಕಾಳಗದಲ್ಲಿ ಕಳೆದುಕೊಂಡದ್ದು 78 ಮಾತ್ರ ಎಂದು ಹಿಂದೆ ಹೇಳಲಾಗುತ್ತಿತ್ತು. ಸೋವಿಯತ್ ಕಡತಗಳು ತೆರೆದ ಮೇಲೆ ಆ ಅನುಪಾತ ಬಹಳಷ್ಟು ಕುಸಿಯಿತು. ಸೋವಿಯತ್ ಪೈಲಟ್‌ಗಳ ಲೆಕ್ಕವೂ ಉಬ್ಬಿದ್ದೇ ಆಗಿತ್ತು. ಎಲ್ಲರೂ ಸುಳ್ಳು ಹೇಳಿದರೆಂದಲ್ಲ. ಹೊಗೆಯುಗುಳುತ್ತ ಕೆಳಗಿಳಿದ ವಿಮಾನ ನೆಲಕ್ಕಪ್ಪಳಿಸಿತೋ, ತನ್ನ ನೆಲೆ ಸೇರಿತೋ ಎಂದು ನೋಡುತ್ತ ನಿಲ್ಲುವ ವ್ಯವಧಾನ ಕಾಳಗದಲ್ಲಿ ಇರುವುದಿಲ್ಲ. ಆದ್ದರಿಂದ ಸಂಶೋಧಕರು ಪ್ರತಿ ಹೇಳಿಕೆಯನ್ನೂ ಎದುರಾಳಿಯ ನಷ್ಟದ ಪಟ್ಟಿಯೊಂದಿಗೆ ತಾಳೆ ನೋಡುತ್ತಾರೆ. ಇದರಿಂದ ಏಸ್‌ಗಳ ಕೀರ್ತಿ ತಗ್ಗಿದ್ದೇ ಹೆಚ್ಚು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ವಿಷಯದಲ್ಲಿ ಮಾತ್ರ ಆದದ್ದು ತದ್ವಿರುದ್ಧ.

1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ 1ನೇ ಸ್ಕ್ವಾಡ್ರನ್‌ನ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಕಾಯ್ದಿರಿಸಿದ ಪೈಲಟ್ ಆಗಿದ್ದವರು. ತಂಡದಲ್ಲಿ ಸ್ಥಾನ ತೆರವಾದಾಗ ಸೇರಿಕೊಂಡರು. ಅವರನ್ನು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ಬೆನ್ನಟ್ಟಿತು. ಅದು ಶಬ್ದದ ಇಮ್ಮಡಿ ವೇಗದ್ದು. ಮಿಸ್ಟೇರ್ ಮಟ್ಟಸ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಆದರೆ ಕೆಳಮಟ್ಟದಲ್ಲಿ ಸುತ್ತಿ ತಿರುಗುವ ಕಾಳಗದಲ್ಲಿ ಸ್ಟಾರ್‌ಫೈಟರ್‌ನ ಕಿರಿದಾದ ರೆಕ್ಕೆಗಳು ನೆರವಿಗೆ ಬರುವುದಿಲ್ಲ. ತನ್ನ ವಿಮಾನಕ್ಕೆ ಪೆಟ್ಟು ಬಿದ್ದಿದ್ದರೂ ದೇವಯ್ಯ ತಿರುಗಿಬಿದ್ದು ಫಿರಂಗಿಯಿಂದ ಅದನ್ನು ಉರುಳಿಸಿದರು. ಪಾಕ್ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ. ಕಾಳಗವನ್ನು ಕಂಡ ಸಂಗಾತಿಗಳಿಲ್ಲ. ಭಾರತದ ಕಡತದಲ್ಲಿ ಉಳಿದದ್ದು ‘ನಾಪತ್ತೆ’ ಎಂಬ ಪದವಷ್ಟೇ.

ಅದೇ ದಿನ ಸರಗೋಧಾದ ಬಳಿ ಎಂ.ಎಂ. ಆಲಂ ಒಂದೇ ಹಾರಾಟದಲ್ಲಿ ಐದು ಹಂಟರ್‌ಗಳನ್ನು ಉರುಳಿಸಿದರೆಂದು ಪಾಕಿಸ್ತಾನ ಸಾರಿತು. ಭಾರತದ ನಷ್ಟದ ದಾಖಲೆ ಅಷ್ಟನ್ನು ಒಪ್ಪುವುದಿಲ್ಲ. ಅಲ್ಲಿ ಹೇಳಿಕೆ ಇತ್ತು, ತಾಳೆ ಇರಲಿಲ್ಲ. ದೇವಯ್ಯ ಅವರ ಪಾಲಿಗೆ ಹೇಳಿಕೆ ನೀಡಲು ವ್ಯಕ್ತಿಯೇ ಇರಲಿಲ್ಲ.

ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕ್ ವಾಯುಪಡೆಯ ಮಾಹಿತಿಯನ್ನು ಆಧರಿಸಿ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಮಿಸ್ಟೇರ್‌ಗೆ ಸ್ಟಾರ್‌ಫೈಟರ್ ಬಲಿಯಾದ ಸಂಗತಿ ಇತ್ತು. ಮರಳದೆ ಉಳಿದ ಮಿಸ್ಟೇರ್ ಯಾರದೆಂಬುದು ಭಾರತಕ್ಕೆ ಗೊತ್ತಿತ್ತು. ದಾಳಿಯ ವೇಳೆ ಸ್ಕ್ವಾಡ್ರನ್‌ನ ಮುಖ್ಯಸ್ಥರಾಗಿದ್ದ ಒ.ಪಿ. ತನೇಜಾ ಈ ವಿಷಯವನ್ನು ಸರ್ಕಾರದ ಮುಂದಿಟ್ಟರು. 1988ರಲ್ಲಿ, ಕಾಳಗ ನಡೆದ 23 ವರ್ಷಗಳ ಬಳಿಕ, ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು.