ಓದಿ ಮುಗಿಸಿದ್ದನ್ನು ಮತ್ತೆ ಕಲಿಯುವ ವರ್ಷ

ಒಂದೇ ದಪ್ಪದ ಎರಡು ಶಾಫ್ಟ್. ಒಂದು ಗಟ್ಟಿ ಉಕ್ಕಿನ ಸರಳು, ಇನ್ನೊಂದು ಒಳಗೆ ಟೊಳ್ಳಾದ ಕೊಳವೆ. ಟೊಳ್ಳಿನ ವ್ಯಾಸ ಹೊರವ್ಯಾಸದ ಅರ್ಧದಷ್ಟು. ಲೋಹ ಒಂದೇ, ಅದು ತಡೆದುಕೊಳ್ಳುವ ಗರಿಷ್ಠ ಒತ್ತಡವೂ ಒಂದೇ. ಹಾಗಾದರೆ ಗಟ್ಟಿ ಶಾಫ್ಟ್ ತಾಳುವ ತಿರುಚುಬಲದ ಎಷ್ಟು ಪಾಲನ್ನು ಟೊಳ್ಳು ಶಾಫ್ಟ್ ತಾಳಬಲ್ಲದು?

ಮೆಕ್ಯಾನಿಕಲ್ ವಿಭಾಗದ ಕೊನೆಯ ವರ್ಷದವರಲ್ಲಿ ‘ಗೇಟ್ ಬರೀಬೇಕು ಸರ್’ ಎಂದು ಬರುವವರ ಮುಂದೆ ನಾನು ಮೊದಲು ಇಡುವ ಪ್ರಶ್ನೆ ಇದು. ಹೆಚ್ಚಿನವರು ‘ಅರ್ಧ’ ಎನ್ನುತ್ತಾರೆ. ಸ್ವಲ್ಪ ಯೋಚಿಸಿದವರು ‘ಮುಕ್ಕಾಲು’ ಎನ್ನುತ್ತಾರೆ. ಇವರೆಲ್ಲ ಎರಡು ವರ್ಷದ ಹಿಂದೆ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ತಿರುಚುವಿಕೆಯ ಸೂತ್ರವನ್ನು ಮೊದಲಿನಿಂದ ಕೊನೆಯವರೆಗೆ ಸಾಧಿಸಿ, ಚಿತ್ರ ಬರೆದು, ಪೂರ್ತಿ ಅಂಕ ತೆಗೆದುಕೊಂಡವರೇ. ಸರಿಯುತ್ತರ 15/16. ಲೋಹದಲ್ಲಿ ಕಾಲುಭಾಗವನ್ನೇ ಕೊರೆದು ತೆಗೆದರೂ ಶಾಫ್ಟ್ ಕಳೆದುಕೊಳ್ಳುವುದು 16ರಲ್ಲಿ 1 ಪಾಲು ಬಲವನ್ನು ಮಾತ್ರ. ತಿರುಚಿದಾಗ ಹೊರಮೈಯ ಲೋಹ ಪೂರ್ತಿ ದುಡಿಯುತ್ತದೆ, ನಡುವಿನದು ಹೆಚ್ಚುಕಡಿಮೆ ಸುಮ್ಮನೆ ಕೂತಿರುತ್ತದೆ. ಸೂತ್ರದೊಳಗೆ ಈ ಸಂಗತಿ ಇದ್ದೇ ಇತ್ತು. ಅದನ್ನು ಹತ್ತು ಸಲ ಬರೆದವರ ಕಣ್ಣಿಗೂ ಬಿದ್ದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ ಈ ಲೆಕ್ಕ ಮಾಡಿ ಮುಗಿಸಿ ತುಸು ಹೊತ್ತು ಹಾಳೆಯನ್ನೇ ನೋಡುತ್ತಿದ್ದಳು. ಅವಳ ತಂದೆಯದು ಹೆದ್ದಾರಿ ಬದಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು. ‘ಲಾರಿಯ ಪ್ರೊಪೆಲ್ಲರ್ ಶಾಫ್ಟು ಪೈಪೇ ಅಲ್ವಾ ಸರ್? ಚಿಕ್ಕಂದಿನಿಂದ ಅದರ ಪಕ್ಕದಲ್ಲೇ ಆಡಿದ್ದೀನಿ. ಯಾಕೆ ಪೈಪು ಅಂತ ಒಂದು ದಿನವೂ ಕೇಳಿಕೊಂಡಿಲ್ಲ’ ಎಂದಳು. ಗೇಟ್ ತಯಾರಿ ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಅವಳ ಆ ಮಾತು.

ಗೇಟ್ ಎಂದರೆ ಗ್ರ್ಯಾಜುಯೇಟ್ ಆಪ್ಟಿಟ್ಯೂಡ್ ಟೆಸ್ಟ್ ಇನ್ ಎಂಜಿನಿಯರಿಂಗ್. ನಾಲ್ಕು ದಶಕಗಳಿಂದ ನಡೆಯುತ್ತಿರುವ ಈ ರಾಷ್ಟ್ರಮಟ್ಟದ ಪರೀಕ್ಷೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಬಾಂಬೆ, ದೆಹಲಿ, ಗುವಾಹಟಿ, ಕಾನ್ಪುರ, ಖರಗ್‌ಪುರ, ಮದ್ರಾಸ್, ರೂರ್ಕಿ ಐಐಟಿಗಳು ಸರದಿಯಂತೆ ಹೊಣೆ ಹೊತ್ತು ನಡೆಸುತ್ತವೆ. 2016ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಈ ಹೊಣೆ ನಮ್ಮ ಊರಿನ, ಜನರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಆಗಿರುವ, ಆ ಸಂಸ್ಥೆಗೆ ಬಂದಿತ್ತು. ಗಣೇಶನ ಹಬ್ಬದ ಆಸುಪಾಸಿನಲ್ಲಿ ಅರ್ಜಿ, ಸಂಕ್ರಾಂತಿ ಕಳೆದು ಫೆಬ್ರವರಿಯ ಶನಿವಾರ–ಭಾನುವಾರಗಳಲ್ಲಿ ಪರೀಕ್ಷೆ, ಯುಗಾದಿ ಹತ್ತಿರವಾಗುವಾಗ ಫಲಿತಾಂಶ. ಪದವಿಯ ಮೂರನೇ ವರ್ಷದಲ್ಲಿರುವವರೂ ಬರೆಯಬಹುದು. ವಯಸ್ಸಿನ ಮಿತಿಯಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಶುಲ್ಕ ಅರ್ಧ. ಒಮ್ಮೆ ಪಡೆದ ಅಂಕಕ್ಕೆ ಮೂರು ವರ್ಷ ಬೆಲೆ.

ಎಂಜಿನಿಯರುಗಳಿಗಷ್ಟೇ ಎಂದು ತಿಳಿದವರೇ ಹೆಚ್ಚು. ವಿಜ್ಞಾನದ ಪದವೀಧರರಿಗೆ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನದ ಪೇಪರುಗಳು ಮೊದಲಿನಿಂದಲೂ ಇವೆ. 2021ರಿಂದ ಮಾನವಿಕ ಮತ್ತು ಸಮಾಜವಿಜ್ಞಾನದ ಪೇಪರೂ ಸೇರಿದ್ದು, ಅರ್ಥಶಾಸ್ತ್ರ, ಭಾಷಾವಿಜ್ಞಾನ, ಮನೋವಿಜ್ಞಾನ, ಸಮಾಜಶಾಸ್ತ್ರ ಓದಿದವರೂ ಕೂರಬಹುದು. 2024ರಲ್ಲಿ ಡೇಟಾ ಸೈನ್ಸ್ ಮತ್ತು ಕೃತಕ ಬುದ್ಧಿಮತ್ತೆ ಸೇರಿ ಪೇಪರುಗಳ ಸಂಖ್ಯೆ 30 ಆಯಿತು.

ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಬಹುಪಾಲು ಎಂಜಿನಿಯರಿಂಗ್ ಪೇಪರುಗಳಲ್ಲಿ ಸಾಮಾನ್ಯ ಸಾಮರ್ಥ್ಯಕ್ಕೆ 15, ಎಂಜಿನಿಯರಿಂಗ್ ಗಣಿತಕ್ಕೆ 13, ಉಳಿದ 72 ಅಂಕ ವಿಷಯಕ್ಕೆ. ಪ್ರಶ್ನೆಗಳಲ್ಲಿ ಮೂರು ಜಾತಿ. ನಾಲ್ಕರಲ್ಲಿ ಒಂದನ್ನು ಆರಿಸುವುದು ಎಲ್ಲರಿಗೂ ಗೊತ್ತಿರುವಂಥದು. ಸರಿಯಾದವು ಒಂದಕ್ಕಿಂತ ಹೆಚ್ಚಿರಬಹುದಾದ ಎಂಎಸ್‌ಕ್ಯೂ 2021ರಲ್ಲಿ ಬಂತು. ಇದರಲ್ಲಿ ಸರಿಯಾದ ಅಷ್ಟನ್ನೂ ಗುರುತಿಸಿದರೆ ಮಾತ್ರ ಅಂಕ, ಒಂದು ಬಿಟ್ಟುಹೋದರೂ ಸೊನ್ನೆ. ಮೂರನೆಯದು ನ್ಯಾಟ್. ಅಲ್ಲಿ ಆಯ್ಕೆಯೇ ಇಲ್ಲ, ಉತ್ತರದ ಅಂಕಿಯನ್ನು ನಾವೇ ಟೈಪ್ ಮಾಡಬೇಕು. ನಮ್ಮ ಶಾಫ್ಟಿನ ಪ್ರಶ್ನೆಗೆ 0.94 ಎಂದು ಬರೆದರೆ ಬಂತು, ಇಲ್ಲದಿದ್ದರೆ ಇಲ್ಲ. ಪುಟಗಟ್ಟಲೆ ಬರೆದು ಅರ್ಧ ಅಂಕ ಉಳಿಸಿಕೊಳ್ಳುವ ವಿಶ್ವವಿದ್ಯಾಲಯದ ದಾರಿ ಇಲ್ಲಿ ಮುಚ್ಚಿದೆ. ನಾಲ್ಕು ವರ್ಷ ಶೇಕಡಾ 80ರ ಮೇಲೆ ತೆಗೆದವರು ಮೊದಲ ಅಣಕು ಪರೀಕ್ಷೆಯಲ್ಲಿ 18 ಅಂಕ ನೋಡಿ ಕಂಗಾಲಾಗುವುದು ಇದರಿಂದಲೇ. ಅವರಿಗೆ ನಾನು ಹೇಳುವುದು ಒಂದೇ: ನೀವು ದಡ್ಡರಲ್ಲ, ಇದುವರೆಗೆ ನಿಮ್ಮನ್ನು ಯಾರೂ ಈ ರೀತಿ ಕೇಳಿರಲಿಲ್ಲ.

ತಪ್ಪುತ್ತರಕ್ಕೆ ಅಂಕ ಕಳೆಯುವ ವಿಚಾರದಲ್ಲಿ ಮಕ್ಕಳಿಗೆ ಬೇಡದ ಹೆದರಿಕೆಯಿದೆ. ನಾಲ್ಕು ಆಯ್ಕೆಯ ಪ್ರಶ್ನೆಗಳಿಗೆ ಮಾತ್ರ ಈ ಶಿಕ್ಷೆ. ಒಂದು ಅಂಕದ್ದು ತಪ್ಪಿದರೆ 1/3, ಎರಡು ಅಂಕದ್ದು ತಪ್ಪಿದರೆ 2/3 ಹೋಗುತ್ತದೆ. ಕೂತು ಲೆಕ್ಕ ಹಾಕಿ. ಎರಡು ಅಂಕದ ಪ್ರಶ್ನೆಗೆ ಕಣ್ಣುಮುಚ್ಚಿ ಗುರುತು ಹಾಕುವವನು ನಾಲ್ಕು ಸಲದಲ್ಲಿ ಒಂದು ಸಲ 2 ಗಳಿಸಿ, ಮೂರು ಸಲ ಸೇರಿ 2 ಕಳೆದುಕೊಳ್ಳುತ್ತಾನೆ. ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಒಂದು ಆಯ್ಕೆ ಖಂಡಿತ ತಪ್ಪೆಂದು ಕಾರಣ ಸಹಿತ ತಳ್ಳಿಹಾಕಬಲ್ಲವನಿಗೆ ಲೆಕ್ಕ ಅವನ ಕಡೆಗೆ ವಾಲುತ್ತದೆ. ಘಟಕಗಳು ಹೊಂದುತ್ತಿಲ್ಲ, ವ್ಯಾಸ ಹೆಚ್ಚಿದರೆ ಉತ್ತರ ಕಡಿಮೆಯಾಗುತ್ತಿದೆ, ಶಾಫ್ಟ್ ಟೊಳ್ಳಾದಾಗ ಬಲ ಹೆಚ್ಚುತ್ತಿದೆ ಎಂಬಂಥ ಕಾರಣಗಳು. ಅರೆಬರೆ ತಿಳಿವಳಿಕೆಗೂ ಈ ಪರೀಕ್ಷೆಯಲ್ಲಿ ಬೆಲೆಯಿದೆ, ಅದು ನಿಜವಾದ ತಿಳಿವಳಿಕೆಯಾಗಿದ್ದರೆ. ನ್ಯಾಟ್ ಮತ್ತು ಎಂಎಸ್‌ಕ್ಯೂಗಳಲ್ಲಿ ತಪ್ಪಿದರೆ ಏನೂ ಹೋಗುವುದಿಲ್ಲ, ಅವನ್ನು ಖಾಲಿ ಬಿಟ್ಟು ಬರುವುದಕ್ಕೆ ಅರ್ಥವೇ ಇಲ್ಲ.

ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ. ಪರದೆಯ ಮೇಲೆಯೇ ಒಂದು ಇರುತ್ತದೆ, ಅದರ ಗುಂಡಿಗಳನ್ನು ಮೌಸ್‌ನಿಂದ ಒಂದೊಂದಾಗಿ ಒತ್ತಬೇಕು. ಬೆರಳು ಪಳಗಿದವರಿಗೂ ಇದು ಎತ್ತಿನಗಾಡಿಯ ವೇಗ. ಅದಕ್ಕೇ ಆಗಸ್ಟ್‌ನಿಂದಲೇ ನಮ್ಮ ಹುಡುಗರ ಕ್ಯಾಲ್ಕುಲೇಟರುಗಳನ್ನು ಮನೆಯಲ್ಲೇ ಇಡಿಸುತ್ತೇನೆ. 2×2 ಮ್ಯಾಟ್ರಿಕ್ಸಿನ ಕರ್ಣದ ಮೊತ್ತ 7, ಡಿಟರ್ಮಿನೆಂಟ್ 12 ಎಂದರೆ ಐಗನ್ ಮೌಲ್ಯಗಳು 3 ಮತ್ತು 4 ಎಂದು ಬಾಯಲ್ಲೇ ಬರಬೇಕು.

ಇನ್ನು ತಯಾರಿ. ಕೋಚಿಂಗ್ ಬೇಡವೆನ್ನುವವನಲ್ಲ ನಾನು. ಒಂಟಿಯಾಗಿ ಓದಲಾರದವರಿಗೆ ಅದು ದಿನಚರಿ ಹಾಕಿಕೊಡುತ್ತದೆ, ಜೊತೆ ಕೊಡುತ್ತದೆ. ಆದರೆ ಬೆಂಗಳೂರಿನಲ್ಲಿ ರೂಮು ಮಾಡಿ, ಶುಲ್ಕ ಕಟ್ಟಿ ಕೂರಲಾಗದ ಮನೆಯ ಮಕ್ಕಳು ಅಷ್ಟಕ್ಕೇ ಕೈಚೆಲ್ಲಬಾರದು. ಐಐಟಿಗಳೂ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್‌ನಲ್ಲಿ ಪ್ರತಿಯೊಂದು ವಿಷಯಕ್ಕೂ ಒಳ್ಳೆಯ ಅಧ್ಯಾಪಕರ ಪಾಠಗಳು ಪುಕ್ಕಟೆ ಸಿಗುತ್ತವೆ. ಗಣಿತಕ್ಕೆ ಗ್ರೇವಾಲ್, ಥರ್ಮೋಡೈನಾಮಿಕ್ಸ್‌ಗೆ ಪಿ. ಕೆ. ನಾಗ್, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ಗೆ ನಮ್ಮವರೇ ಆದ ಎಸ್. ಎಸ್. ಭಾವಿಕಟ್ಟಿ. ಹೆಚ್ಚಿನ ಕಾಲೇಜು ಗ್ರಂಥಾಲಯಗಳಲ್ಲಿ ಇರುವ ಪುಸ್ತಕಗಳಿವು. ಬಹಳ ಪುಸ್ತಕ ಬೇಡ, ಒಂದು ವಿಷಯಕ್ಕೆ ಒಂದು ಸಾಕು, ಅದನ್ನೇ ಮೂರು ಸಲ ಓದಬೇಕು.

ಅದಾದ ಮೇಲೆ ಹಳೆಯ ಪ್ರಶ್ನೆಪತ್ರಿಕೆ. ಹುಡುಗರ ಭಾಷೆಯಲ್ಲಿ ಪಿವೈಕ್ಯೂ. ಇವನ್ನು ಕೊನೆಯ ತಿಂಗಳಿಗೆ ಮೀಸಲಿಡುವುದು ದೊಡ್ಡ ತಪ್ಪು. ಅಧ್ಯಾಯ ಮುಗಿದ ದಿನವೇ ಅದಕ್ಕೆ ಸೇರಿದ ಹಳೆಯ ಪ್ರಶ್ನೆಗಳನ್ನು ಬಿಡಿಸಬೇಕು, ಆಗ ಪುಸ್ತಕದ ಯಾವ ಸಾಲನ್ನು ತಾನು ಓದದೆ ದಾಟಿಬಿಟ್ಟೆ ಎಂಬುದು ತಿಳಿಯುತ್ತದೆ. ಎಷ್ಟೋ ಮಂದಿ ಉತ್ತರ ಸಿಗದಿದ್ದಾಗ ಎರಡು ನಿಮಿಷ ಕಾದು ಪರಿಹಾರದ ವಿಡಿಯೋ ನೋಡಿ, ‘ಓ, ಇಷ್ಟೇನಾ’ ಎಂದು ಮುಂದೆ ಹೋಗುತ್ತಾರೆ. ನೋಡಿದ ಪರಿಹಾರ ನಮ್ಮದಾಗುವುದಿಲ್ಲ. ಒಂದು ಪ್ರಶ್ನೆಯ ಜೊತೆ ಅರ್ಧ ಗಂಟೆ ಗುದ್ದಾಡಿ ಸೋತ ಮೇಲೆ ನೋಡಿದ್ದು ಮಾತ್ರ ಉಳಿಯುತ್ತದೆ.

ನಾನು ಪಟ್ಟು ಹಿಡಿದು ಮಾಡಿಸುವ ಕೆಲಸ ಒಂದಿದೆ, ತಪ್ಪಿನ ನೋಟ್‌ಬುಕ್. 200 ಪುಟದ ಸಾದಾ ಪುಸ್ತಕ. ತಪ್ಪಿದ ಪ್ರತಿ ಪ್ರಶ್ನೆಗೂ ಅದರಲ್ಲಿ ಜಾಗ. ಪರಿಹಾರ ಬರೆಯುವುದು ಮುಖ್ಯವಲ್ಲ, ಏಕೆ ತಪ್ಪಿತು ಎಂದು ಒಂದು ಸಾಲು ಬರೆಯಬೇಕು. ‘ಸಿಲ್ಲಿ ಮಿಸ್ಟೇಕ್’ ಎಂಬ ಮಾತನ್ನು ಅಲ್ಲಿ ಬರೆಯಕೂಡದು. ಏಕೆಂದರೆ ಅದು ಕಾರಣವಲ್ಲ, ಕಾರಣವನ್ನು ಮುಚ್ಚುವ ಹಾಳೆ. ವ್ಯಾಸ ಕೊಟ್ಟಿದ್ದರು, ನಾನು ತ್ರಿಜ್ಯವೆಂದು ಓದಿದೆ. ಮಿಲಿಮೀಟರನ್ನು ಮೀಟರಿಗೆ ತಿರುಗಿಸುವಾಗ ವರ್ಗ ಮಾಡಲು ಮರೆತೆ. ಸೆಲ್ಸಿಯಸ್‌ನಲ್ಲೇ ಅನುಪಾತ ತೆಗೆದೆ. ಹೀಗೆ ಬಿಡಿಸಿ ಬರೆಯಬೇಕು. ಎರಡು ತಿಂಗಳು ಕಳೆದು ತಿರುವಿಹಾಕಿದರೆ ನೂರು ತಪ್ಪುಗಳು ನೂರು ಬಗೆಯವಾಗಿರುವುದಿಲ್ಲ, ಅದೇ ಏಳೆಂಟು ವೇಷ ಬದಲಿಸಿ ಬಂದಿರುತ್ತವೆ. ಒಬ್ಬೊಬ್ಬರ ಏಳೆಂಟು ಬೇರೆಬೇರೆ. ಯಾವ ಕೋಚಿಂಗ್‌ನ ನೋಟ್ಸೂ ಅದನ್ನು ಹೇಳಿಕೊಡಲಾರದು.

ಡಿಸೆಂಬರ್, ಜನವರಿ ಅಣಕು ಪರೀಕ್ಷೆಗಳ ಕಾಲ. ಮೂರು ಗಂಟೆ ಎದ್ದೇಳದೆ ಕೂರುವುದೇ ಒಂದು ಅಭ್ಯಾಸ. ಸುಲಭದ್ದನ್ನೆಲ್ಲ ಮೊದಲ ಸುತ್ತಿನಲ್ಲಿ ಕೊಯ್ದುಕೊಂಡು, ಕಠಿಣವಾದವನ್ನು ಗುರುತು ಹಾಕಿ ಮುಂದೆ ಹೋಗುವುದನ್ನು ಕಲಿಯಬೇಕು. ಹಟಮಾರಿ ಮಕ್ಕಳಿಗೆ ಇದು ಬಹಳ ಕಷ್ಟ. ಜಾಣರೇ ಒಂದು ಪ್ರಶ್ನೆಗೆ ಇಪ್ಪತ್ತು ನಿಮಿಷ ಸುರಿದು ಕೊನೆಯ ಹತ್ತು ಪ್ರಶ್ನೆಗಳನ್ನು ಓದದೆಯೇ ಎದ್ದುಬರುತ್ತಾರೆ.

ಪ್ರಶ್ನೆಪತ್ರಿಕೆ ಪೂರ್ತಿ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಡಿಪ್ಲೊಮಾ ಮೂಲಕ ಎಂಜಿನಿಯರಿಂಗ್‌ಗೆ ಬಂದವರು ಇದಕ್ಕೇ ಹಿಂಜರಿಯುವುದನ್ನು ಪ್ರತಿ ವರ್ಷ ಕಾಣುತ್ತೇನೆ. ಸಾಮಾನ್ಯ ಸಾಮರ್ಥ್ಯದಲ್ಲಿ ಬರುವ ಪದಗಳ, ವ್ಯಾಕರಣದ ಕೆಲವು ಪ್ರಶ್ನೆಗಳು ಅವರಿಗೆ ತೊಡಕೇ, ನಿಜ. ಉಳಿದ ಕಡೆ ಪ್ರಶ್ನೆಗಳು ನಾಲ್ಕಾರು ಸಾಲಿನವು, ಕೇಳುವುದು ಅಂಕಿ. ಸಂಜೆ ನಾಲ್ಕೂವರೆಯ ಮೇಲೆ ಕೂರುವ ನಮ್ಮ ಗುಂಪಿನಲ್ಲಿ ಚರ್ಚೆಯೆಲ್ಲ ಕನ್ನಡದಲ್ಲೇ. ತಿರುಚು, ಬಾಗು, ಎಳೆ, ಅದುಮು ಎಂಬ ಮಾತುಗಳಲ್ಲಿ ಬಲವನ್ನು ಕೈಯಲ್ಲಿ ಮುಟ್ಟಿ ನೋಡಿದಂತಾಗುತ್ತದೆ. ಗ್ಯಾರೇಜಿನ ಮನೆಯ ಹುಡುಗಿ ಅಲ್ಲಿ ಎಲ್ಲರಿಗಿಂತ ಮುಂದಿದ್ದಳು.

ಗೇಟ್ ಅಂಕ ತೆರೆಯುವ ಬಾಗಿಲುಗಳು ಹಲವು. ವಿಜ್ಞಾನ ಸಂಸ್ಥೆ ಮತ್ತು ಐಐಟಿಗಳ ಎಂ.ಟೆಕ್, ಸಿಸಿಎಂಟಿ ಎಂಬ ಕೇಂದ್ರೀಕೃತ ಕೌನ್ಸೆಲಿಂಗ್ ಮೂಲಕ ಸುರತ್ಕಲ್ ಸೇರಿದಂತೆ ಎನ್‌ಐಟಿಗಳು, ಹಲವೆಡೆ ಸಂದರ್ಶನದೊಂದಿಗೆ ಸಂಶೋಧನೆ. ನಮ್ಮ ರಾಜ್ಯದ ಎಂ.ಟೆಕ್ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪಿಜಿಸಿಇಟಿ ನಡೆಸುತ್ತದೆ, ಅಲ್ಲೂ ಗೇಟ್ ಅರ್ಹತೆ ಪಡೆದವರಿಗೆ ಆದ್ಯತೆ. ಎನ್‌ಟಿಪಿಸಿ, ಪವರ್ ಗ್ರಿಡ್, ಒಎನ್‌ಜಿಸಿಯಂಥ ಸಾರ್ವಜನಿಕ ಉದ್ಯಮಗಳು ಇದೇ ಅಂಕದ ಮೇಲೆ ಎಂಜಿನಿಯರುಗಳನ್ನು ಆರಿಸಿಕೊಂಡಿವೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇನ್ನೊಂದು. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ಸಿಗುವ ತಿಂಗಳಿಗೆ 12,400 ರೂಪಾಯಿಯ ವಿದ್ಯಾರ್ಥಿವೇತನ. ಮನೆಗೆ ಕೈಚಾಚದೆ ಮುಂದೆ ಓದಬಹುದು ಎಂಬ ಒಂದೇ ಮಾತು ಎಷ್ಟು ಹೆಣ್ಣುಮಕ್ಕಳ ಮದುವೆಯ ಮಾತುಕತೆಯನ್ನು ಎರಡು ವರ್ಷ ಮುಂದೂಡಿಸಿದೆ ಎಂಬುದನ್ನು ಬಲ್ಲೆ.

ಪರೀಕ್ಷೆ ಮುಗಿದ ಕೆಲ ದಿನಗಳಲ್ಲಿ ಅಭ್ಯರ್ಥಿ ಕೊಟ್ಟ ಉತ್ತರಗಳ ಪ್ರತಿಯೂ, ಸಂಸ್ಥೆಯ ಸರಿಯುತ್ತರಗಳ ಪಟ್ಟಿಯೂ ಆನ್‌ಲೈನ್‌ನಲ್ಲಿ ಬರುತ್ತವೆ. ಫಲಿತಾಂಶಕ್ಕೆ ಕಾಯಬೇಕಾಗಿಲ್ಲ, ಎರಡನ್ನೂ ಎದುರುಬದುರು ಇಟ್ಟುಕೊಂಡು ತಾವೇ ಅಂಕ ಕೂಡಿಕೊಳ್ಳಬಹುದು. ಪಟ್ಟಿಯೇ ತಪ್ಪೆನಿಸಿದರೆ ಶುಲ್ಕ ಕಟ್ಟಿ ಆಕ್ಷೇಪಿಸಬಹುದು. ಗ್ಯಾರೇಜಿನ ಮನೆಯ ಹುಡುಗಿ ಪರೀಕ್ಷೆ ಬರೆದ ವರ್ಷ ಪಟ್ಟಿ ಬಂದ ಸಂಜೆ ವಿಭಾಗದ ಲ್ಯಾಬಿನಲ್ಲಿ ಎಲ್ಲರೂ ಕೂಡಿಕೆ ಲೆಕ್ಕದಲ್ಲಿ ಮುಳುಗಿದ್ದರು, ಒಬ್ಬರ ಅಂಕ ಇನ್ನೊಬ್ಬರು ಕೇಳುತ್ತಿದ್ದರು. ಆ ಹುಡುಗಿ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ಏನೋ ಬರೆದುಕೊಳ್ಳುತ್ತಿದ್ದಳು. ಹತ್ತಿರ ಹೋಗಿ ‘ಎಷ್ಟಾಯಿತಮ್ಮ?’ ಎಂದೆ. ‘ಇನ್ನೂ ಕೂಡಿಸಿಲ್ಲ ಸರ್’ ಎಂದಳು. ಮೂಲೆಗಳೆಲ್ಲ ಮಡಿಚಿಹೋದ ತಪ್ಪಿನ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ, ಅವತ್ತು ತಪ್ಪಿದ ಪ್ರಶ್ನೆಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತಿದ್ದಳು.