ಕಾಕು ಬರೆಯುವ ವಿಕಿಗೆ ಯಾವ ಚಿಹ್ನೆ?

ವಾಟ್ಸ್ಯಾಪ್ ಗುಂಪಿಗೆ ಹಾಕಿದ ಅಡಿಗಿ ಮೂರು ದಿನಕ್ಕ ಮ್ಯಾಲ ಸರಿದು ಕಾಣದಂಗ ಆಗ್ತದ. ಧಾರವಾಡದ ನಮ್ಮ ಓಣಿಯ ಹೆಂಗಸರ ಗುಂಪಿನಲ್ಲಿ ಹೀಗೆ ಸರಿದುಹೋದದ್ದಕ್ಕೆ ಲೆಕ್ಕವೇ ಇಲ್ಲ. ಹೋದ ವರ್ಷ ಗುಂಪಿನ ಹಿರಿಯರೊಬ್ಬರು ತೀರಿಕೊಂಡರು. ಮಾದೇಲಿಗೆ ಗೋಧಿ ಎಷ್ಟು, ಕಡಲೆಬೇಳೆ ಎಷ್ಟು, ಬೆಲ್ಲ ಯಾವಾಗ ಕೂಡಿಸಬೇಕು ಎಂದು ಅವರು ಹೇಳಿ ಕಳಿಸಿದ್ದ ಧ್ವನಿ ಸಂದೇಶವನ್ನು ಹುಡುಕಿದರೆ ಯಾರ ಮೊಬೈಲಿನಲ್ಲೂ ಇಲ್ಲ. ಅದಾದ ಮೇಲೆ ನಮ್ಮ ಅಡುಗೆಗಳನ್ನೂ ಅಡುಗೆಮನೆಯ ಮಾತುಗಳನ್ನೂ ಒಂದು ವಿಕಿ ಮಾಡಿ ಕೂಡಿಡೋಣ ಎಂದು ನಿಶ್ಚಯವಾಯಿತು. ಕಂಪ್ಯೂಟರ್ ಕೆಲಸ ಗೊತ್ತಿದ್ದಾಕಿ ನೀನs ಅಂತ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು.

ವಿಕಿ ಅಂದರೆ ಓದುವವರೇ ಪುಟ ತೆರೆದು ಬರೆಯಬಹುದಾದ, ತಿದ್ದಬಹುದಾದ ತಾಣ. ವಿಕಿಪೀಡಿಯ ಅದರಲ್ಲಿ ಎಲ್ಲಕ್ಕಿಂತ ದೊಡ್ಡದು, ಅಷ್ಟೇ. ಇಂಥದ್ದನ್ನು ನಡೆಸಲು ಪುಕ್ಕಟೆ ತಂತ್ರಾಂಶಗಳು ಬೇಕಾದಷ್ಟಿವೆ. ಒಂದನ್ನು ಆರಿಸುವಾಗ ಎಲ್ಲರೂ ಸರ್ವರ್, ಖರ್ಚು, ಸುರಕ್ಷತೆ ಅಂತ ಕೇಳುತ್ತಾರೆ. ನನಗೆ ದೊಡ್ಡದಾಗಿ ಕಂಡಿದ್ದು ಮಾರ್ಕಪ್. ದಪ್ಪಕ್ಷರ, ತಲೆಬರಹ, ಇನ್ನೊಂದು ಪುಟದ ಕೊಂಡಿ ಇವಕ್ಕೆಲ್ಲ ಬರಹದ ನಡುವೆ ಹಾಕುವ ಸಣ್ಣ ಚಿಹ್ನೆಗಳಿವೆಯಲ್ಲ, ಅವು. ಆ ಚಿಹ್ನೆ ಕಾಕುವಿನ ಬೆರಳಿಗೆ ಸಿಗದಿದ್ದರೆ ಅವರು ಬರೆಯುವುದಿಲ್ಲ. ಅವರು ಬರೆಯದಿದ್ದರೆ ವಿಕಿ ಯಾತಕ್ಕ?

ಈ ಪ್ರಶ್ನೆ ಹೊಸದಲ್ಲ. ಮೊದಲ ವಿಕಿಯನ್ನು ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮಾಡಿದರು. ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಹೆಸರನ್ನೇ ಅದಕ್ಕೆ ಇಟ್ಟರು; ಹವಾಯಿ ಭಾಷೆಯಲ್ಲಿ ವಿಕಿ ಅಂದರೆ ಲಗೂನ. ಅದರಲ್ಲಿ ಕೊಂಡಿ ಹಾಕುವುದು ಬಲು ಸುಲಭವಿತ್ತು. ಎರಡು ಇಂಗ್ಲಿಷ್ ಪದಗಳನ್ನು ಕೂಡಿಸಿ, ಎರಡರದೂ ಮೊದಲ ಅಕ್ಷರ ಕ್ಯಾಪಿಟಲ್ ಮಾಡಿದರೆ ಆಯಿತು, ತಾನಾಗಿ ಕೊಂಡಿ. ಒಂಟೆಯ ಡುಬ್ಬದ ಹಾಗೆ ಕಾಣುತ್ತದೆಂದು ಅದಕ್ಕೆ ಕ್ಯಾಮೆಲ್ ಕೇಸ್ ಎಂದು ಹೆಸರು. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ! ‘ಶೇಂಗಾಹೋಳಗಿ’ಯಲ್ಲಿ ಯಾವ ಅಕ್ಷರ ದೊಡ್ಡದು ಮಾಡೂದು? 2001ರಲ್ಲಿ ವಿಕಿಪೀಡಿಯ ಶುರುವಾದದ್ದೂ ಇದೇ ಪದ್ಧತಿಯಿಂದ. ಆಮೇಲೆ [[ ]] ಎಂಬ ಜೋಡಿ ಚೌಕ ಬ್ರ್ಯಾಕೆಟ್ ಬಂತು. ಯಾವ ಲಿಪಿಯ ಯಾವ ಪದವನ್ನಾದರೂ ಅದರೊಳಗೆ ಇಟ್ಟು ಕೊಂಡಿ ಮಾಡಬಹುದಾಯಿತು. ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಶುರುವಾಗುವ ಹೊತ್ತಿಗೆ ಈ ತೊಡಕು ಕಳೆದಿತ್ತು.

ಆದರೆ ಕೀಲಿಮಣೆಯ ತೊಡಕು ಉಳಿಯಿತು. ವಿಂಡೋಸ್ ಜೊತೆಗೇ ಬರುವ ಕನ್ನಡ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಚೌಕ ಬ್ರ್ಯಾಕೆಟ್ ತೆರೆಯುವ ಕೀಲಿ ಒತ್ತಿದರೆ ‘ಡ’ ಬೀಳುತ್ತದೆ. ವಿಕಿಪೀಡಿಯದಲ್ಲಿ ದಪ್ಪಕ್ಷರಕ್ಕೆ ಮೂರು ಅಪಾಸ್ಟ್ರಫಿ ಬೇಕು, ಆ ಕೀಲಿಯಲ್ಲಿರುವುದು ‘ಟ’. ಬೋಲ್ಡ್ ಮಾಡಲು ಹೋದರೆ ‘ಟಟಟ’! ಹೀಗಾಗಿ ಪ್ರತಿ ಸಲ ಇಂಗ್ಲಿಷಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರಬೇಕು. ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ, ಅಂದರೆ ನುಡಿಯಲ್ಲಿ ನಾವು ಕುಟ್ಟುವುದರಲ್ಲಿ, ಈ ಪೇಚಿಲ್ಲ. ಇಡೀ ಕನ್ನಡವನ್ನು ಅವರು ಇಂಗ್ಲಿಷಿನ 26 ಅಕ್ಷರಗಳ ಕೀಲಿಗಳಲ್ಲೇ ಕೂಡಿಸಿದ್ದರಿಂದ ಚಿಹ್ನೆಗಳು ತಮ್ಮ ಜಾಗದಲ್ಲೇ ಉಳಿದಿವೆ. ಆ ಜಾಣತನಕ್ಕೆ ಕೈ ಮುಗಿಯಬೇಕು. ಆದರೆ ನಮ್ಮ ಗುಂಪಿನವರು ಬರೆಯುವುದು ಮೊಬೈಲಿನಲ್ಲಿ. ಅಲ್ಲಿ ನಕ್ಷತ್ರ ಚಿಹ್ನೆ ಒಂದು ಒತ್ತಿಗೆ ಸಿಗುತ್ತದೆ, ಚೌಕ ಬ್ರ್ಯಾಕೆಟ್ ಎರಡು ಪರದೆ ಆಚೆ ಕೂತಿರುತ್ತದೆ.

ನಕ್ಷತ್ರ ಅಂದಾಗ ನೆನಪಾಯಿತು, ನಮ್ಮ ಮನೆಗಳಲ್ಲಿ ಎಲ್ಲರಿಗೂ ಈಗಾಗಲೇ ಒಂದು ಮಾರ್ಕಪ್ ಬರ್ತದ. ವಾಟ್ಸ್ಯಾಪಿನಲ್ಲಿ *ಶುಭೋದಯ* ಅಂತ ಎರಡೂ ಕಡೆ ನಕ್ಷತ್ರ ಹಾಕಿ ದಪ್ಪ ಮಾಡುವುದನ್ನು ಕಾಕುಗೆ ಯಾರೂ ಕಲಿಸಿಲ್ಲ! ಹಾಗಾದರೆ ಅಂಥದ್ದೇ ಮಾರ್ಕ್‌ಡೌನ್ ತೆಗೆದುಕೊಳ್ಳೋಣವೇ? 2004ರಲ್ಲಿ ಜಾನ್ ಗ್ರೂಬರ್ ಮಾಡಿದ್ದು, ಸಾಫ್ಟ್‌ವೇರ್ ಮಂದಿಗೆ ಅದೇ ಪ್ರೀತಿ. ಆದರೆ ಅದರಲ್ಲಿ ಒಂದು ನಕ್ಷತ್ರ ಅಂದರೆ ಇಟ್ಯಾಲಿಕ್, ಎರಡಾದರೆ ದಪ್ಪ. ಕಾಕು ದಪ್ಪ ಬೇಕೆಂದು ಒಂದು ಹಾಕಿದರೆ ಅಕ್ಷರ ವಾಲಿಕೊಳ್ಳುತ್ತದೆ. ಕನ್ನಡಕ್ಕೆ ವಾಲುವ ಅಕ್ಷರ ಬೇಕೇ ಇಲ್ಲ ಅಂತ ನನ್ನ ಅಭಿಪ್ರಾಯ. ಒತ್ತಿ ಹೇಳಲು ನಮಗೆ ಏ, ಊ, ಅಂತೂ ಇವೆ. ‘ಉಪ್ಪಂತೂ ಕಡೀಗೇ ಹಾಕ್ರಿ’ ಅಂದರೆ ಮುಗೀತು.

ನಿಜವಾದ ಪೇಚು ಚಿಹ್ನೆಗಳಲ್ಲಿ ಇರಲಿಲ್ಲ, ಖಾಲಿ ಜಾಗದಲ್ಲಿತ್ತು. ಪ್ರಯೋಗಕ್ಕೆ ಮೀಡಿಯಾವಿಕಿ ಹಾಕಿ (ವಿಕಿಪೀಡಿಯ ನಡೆಯುವುದು ಇದರ ಮೇಲೆ) ಕಾಕುಗೆ ಕೊಟ್ಟೆ. ಅವರು ಶಾಲೆಯಲ್ಲಿ ಪತ್ರ ಬರೆದ ರೂಢಿಯಂತೆ ಪ್ಯಾರಾದ ಮೊದಲಿಗೆ ಒಂದಿಷ್ಟು ಜಾಗ ಬಿಟ್ಟರು. ಸಾಲಿನ ಮೊದಲು ಖಾಲಿ ಜಾಗ ಕಂಡರೆ ಮೀಡಿಯಾವಿಕಿ ಆ ಸಾಲನ್ನು ಬೂದು ಚೌಕಟ್ಟಿನೊಳಗೆ ಬೇರೆ ಅಕ್ಷರದಲ್ಲಿ ತೋರಿಸುತ್ತದೆ. ಸಾಮಾನಿನ ಯಾದಿಯನ್ನು ಸಾಲಿಗೊಂದರಂತೆ ಬರೆದಿದ್ದರು, ಅದು ಒಂದೇ ಸಾಲಾಗಿ ಕೂಡಿಕೊಂಡಿತು; ನಡುವೆ ಪೂರ್ತಿ ಖಾಲಿ ಸಾಲು ಬಿಡದ ಹೊರತು ಹೊಸ ಸಾಲನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ.

“ಏನವ್ವಾ, ನನ್ನ ಮೆಂತೆ ಹಿಟ್ಟು ಯಾಕ ಡಬ್ಬ್ಯಾಗ ಹಾಕೀದಿ? ಸಾಮಾನೆಲ್ಲಾ ಯಾಕ ಕಲಿಸಿಟ್ಟಿ?” ಅಂದರು.

ಮಾರ್ಕ್‌ಡೌನ್, ಡೋಕುವಿಕಿಗಳೂ ಈ ವಿಷಯದಲ್ಲಿ ಭಾಳ ಬ್ಯಾರೆ ಅಲ್ಲ. ಮಾರ್ಕ್‌ಡೌನ್‌ನಲ್ಲಿ ನಾಲ್ಕು, ಡೋಕುವಿಕಿಯಲ್ಲಿ ಎರಡು ಖಾಲಿ ಜಾಗಕ್ಕೆ ಡಬ್ಬಿ. ಚಿಹ್ನೆಯೇ ಬೇಡ, ವಿಷುವಲ್ ಎಡಿಟರ್ ಇಟ್ಟುಬಿಡು ಅಂತ ಮಗ ಹೇಳಿದ. 2020ರ ಮೀಡಿಯಾವಿಕಿಯಿಂದ ಅದು ಜೊತೆಗೇ ಬರುತ್ತದೆ. ನಮ್ಮ ಹಳೇ ಮೊಬೈಲುಗಳಿಗೆ ಅದು ಭಾರ.

ಕಡೆಗೆ ಡೋಕುವಿಕಿ ಆರಿಸಿದೆ. 2004ರಲ್ಲಿ ಆಂಡ್ರಿಯಾಸ್ ಗೋರ್ ಶುರು ಮಾಡಿದ ಇದಕ್ಕೆ ಡೇಟಾಬೇಸ್ ಬೇಡ. ಒಂದೊಂದು ಪುಟವೂ ಒಂದೊಂದು ಸಾದಾ ಟೆಕ್ಸ್ಟ್ ಫೈಲು. ನಾಳೆ ನಾನು ನೋಡಿಕೊಳ್ಳದಿದ್ದರೂ, ಆ ತಂತ್ರಾಂಶವೇ ನಿಂತುಹೋದರೂ, ಫೈಲು ತೆರೆದರೆ ಮಾದೇಲಿ ಓದಬಹುದು. ಹೊಸ ಪುಟ ತೆರೆದಾಗ ಮೊದಲೇ ಬರೆದಿಟ್ಟ ನಮೂನೆ ತಾನಾಗಿ ಬಂದು ಕೂರುವ ಅನುಕೂಲವೂ ಇದೆ. ಬೇಕಾಗುವ ಸಾಮಾನು, ಮಾಡುವ ಬಗೆ, ಹೇಳಿದವರು, ಯಾವ ಊರಿನ ಪದ್ಧತಿ ಅಂತ ನಾಲ್ಕು ತಲೆಬರಹ ಹಾಕಿಟ್ಟಿದ್ದೇನೆ. ಯಾರೂ == ಒತ್ತಬೇಕಿಲ್ಲ. ಸಾಲು ಕೂಡಿಕೊಳ್ಳದಂತೆ ಒಂದು ಪ್ಲಗಿನ್ ಹಾಕಿದೆ. ‘ಯಾವ ಊರಿನ’ ಎಂಬುದು ಕಿಟೆಲ್ ಸಾಹೇಬರಿಂದ ಕಲಿತದ್ದು. ಧಾರವಾಡದಲ್ಲೂ ಇದ್ದು ಹೋದ ಅವರು 1894ರ ತಮ್ಮ ನಿಘಂಟಿನಲ್ಲಿ ಪದಗಳ ಪಕ್ಕ ಸಂಕೇತಾಕ್ಷರ ಹಾಕುತ್ತಿದ್ದರು. ಅದೂ ಒಂದು ಮಾರ್ಕಪ್ಪೇ.

ಕನ್ನಡದ ಪುಟದ ಹೆಸರುಗಳಿಗೆ ಒಂದು ಸೆಟ್ಟಿಂಗ್ ಮರೆಯದೆ ಬದಲಿಸಬೇಕು. ಡೋಕುವಿಕಿ ಫೈಲಿನ ಹೆಸರನ್ನು ಶೇಕಡಾ ಚಿಹ್ನೆಗಳ ಸರಮಾಲೆ ಮಾಡಿ ಇಡುತ್ತದೆ. ಕನ್ನಡದ ಒಂದೊಂದು ಅಕ್ಷರಕ್ಕೂ, ಕೊಂಬು-ದೀರ್ಘಗಳಿಗೂ ತಲಾ 9 ಜಾಗ ಬೇಕು. ಫೈಲಿನ ಹೆಸರಿಗೆ ಸಾಮಾನ್ಯವಾಗಿ ಇರುವ ಮಿತಿ 255. ಉದ್ದನೆಯ ಹೆಸರು ಕೂಡುವುದೇ ಇಲ್ಲ. ಯುಟಿಎಫ್-8 ಎಂದು ಆರಿಸಿದರೆ 9 ಹೋಗಿ 3 ಆಗುತ್ತದೆ.

ಉಳಿದದ್ದು ಕೊಂಡಿ. ಅದನ್ನು ಸದ್ಯ ನಾನೇ ಹಾಕುತ್ತೇನೆ. [[ಹುಬ್ಬಳ್ಳಿ]] ಎಂದು ಬರೆದು ಮುಂದೆ ‘ಯಲ್ಲಿ’ ಸೇರಿಸಿದರೆ ಸಾಕು. ಆದರೆ ‘ಬೆಂಗಳೂರು’ ಪ್ರತ್ಯಯ ಹತ್ತಿದ ಕೂಡಲೇ ‘ಬೆಂಗಳೂರಿನಲ್ಲಿ’ ಆಗಿ ಕೊನೆಯ ಉಕಾರ ಕಳೆದುಕೊಳ್ಳುತ್ತದೆ. ಆಗ [[ಬೆಂಗಳೂರು|ಬೆಂಗಳೂರಿನಲ್ಲಿ]] ಎಂದು ನಡುವೆ ನೆಟ್ಟಗಿನ ಗೀಟು ಹಾಕಿ ಎರಡೂ ಬರೆಯಬೇಕು. ಇದನ್ನು ಕಾಕುಗೆ ಹೇಳುವ ಧೈರ್ಯ ನನಗಿಲ್ಲ.

ಈಗಿನ ಜಗಳ ಹೆಸರಿನದು. ಪುಟದ ಹೆಸರು ‘ಹೋಳಗಿ’ಯೋ ‘ಹೋಳಿಗೆ’ಯೋ? ಮಂದಿ ಹುಡುಕೂದು ‘ಹೋಳಿಗೆ’ ಅಂತ, ಹಂಗs ಇರಲಿ ಅಂತ ಪುಣೆಯಲ್ಲಿರುವ ಅವರ ಸೊಸೆ. “ನಾ ಹೋಳಗಿ ಮಾಡತೀನಿ, ಹೋಳಿಗೆ ಅಲ್ಲ” ಅಂತ ಕಾಕು. ಒಂದು ಹೆಸರಿನಿಂದ ಇನ್ನೊಂದಕ್ಕೆ ತಾನಾಗಿ ಕಳಿಸುವ ಏರ್ಪಾಡು ಮೀಡಿಯಾವಿಕಿಯಲ್ಲಿ ಮೊದಲಿಂದ ಇದೆ, ಡೋಕುವಿಕಿಗೆ ಅದಕ್ಕೂ ಪ್ಲಗಿನ್ ಬೇಕು. ಈ ಶನಿವಾರ ಎಲ್ಲರೂ ಕೂತು ತೀರ್ಮಾನ ಮಾಡೋದದ. ಬರುವಾಗ ಸಜ್ಜಕದ ಹೋಳಗಿ ತರ್ತೀನಿ ಅಂತ ಕಾಕು ಮೊದಲs ಹೇಳಿಟ್ಟಾರ.