ನಾಲ್ಕು ಹೊಡೆತ, ಒಂದು ದುಡಿಮೆ

ಬೆಳಗಿನ ಲಿಂಗಪೂಜೆ ಮುಗಿಸಿ ಕಾಯಕಕ್ಕೆ ಹೊರಡುವಾಗ ನಾವು ಅಂಗಳದ ಮೋಟಾರ್ ಸೈಕಲ್ಲನ್ನು ಏರುತ್ತೇವೆ. ಅದು ಹೇಗೆ ಓಡುತ್ತದೆಂಬ ಯೋಚನೆ ನಮಗೆ ಬರುವುದು ಅದು ದಾರಿಯಲ್ಲಿ ನಿಂತ ದಿನವೇ. ಅದಕ್ಕೂ ಮುನ್ನ ಅದರ ಹೃದಯವಾದ ನಾಲ್ಕು ಹೊಡೆತದ ಎಂಜಿನ್ನಿನ ಪರಿಚಯ ಮಾಡಿಕೊಳ್ಳೋಣ. ಇಂತಹ ಎಂಜಿನ್ನನ್ನು ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ಯಶಸ್ವಿಯಾಗಿ ನಿರ್ಮಿಸಿದನು.

ಸಿಲಿಂಡರ್ ಎಂಬುದು ಎರಕದ ಕಬ್ಬಿಣದ ಇಲ್ಲವೆ ಅಲ್ಯೂಮಿನಿಯಮ್ಮಿನ ದುಂಡನೆಯ ಕೊಳವೆ. ಅದರೊಳಗೆ ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಕನೆಕ್ಟಿಂಗ್ ರಾಡು ಈ ಚಲನೆಯನ್ನು ಕ್ರ್ಯಾಂಕ್ ಶಾಫ್ಟಿಗೆ ಮುಟ್ಟಿಸಿ ಅದನ್ನು ತಿರುಗಿಸುತ್ತದೆ. ಸಿಲಿಂಡರಿನ ತಲೆಯಲ್ಲಿ ಒಳಬಿಡುವ ಕವಾಟ, ಹೊರಬಿಡುವ ಕವಾಟ ಹಾಗೂ ಸ್ಪಾರ್ಕ್ ಪ್ಲಗ್ ಇರುತ್ತವೆ.

ಮೊದಲನೆಯ ಹೊಡೆತದಲ್ಲಿ ಪಿಸ್ಟನ್ ಕೆಳಗಿಳಿದು ಗಾಳಿ-ಪೆಟ್ರೋಲಿನ ಮಿಶ್ರಣವನ್ನು ಹೀರಿಕೊಳ್ಳುತ್ತದೆ. ಎರಡನೆಯದರಲ್ಲಿ ಎರಡೂ ಕವಾಟಗಳು ಮುಚ್ಚಿಕೊಂಡು, ಮೇಲೇರುವ ಪಿಸ್ಟನ್ ಮಿಶ್ರಣವನ್ನು ಸುಮಾರು ಒಂಬತ್ತನೆಯ ಒಂದು ಭಾಗಕ್ಕೆ ಒತ್ತುತ್ತದೆ. ಆಗ ಕಿಡಿ ಹಾರಿ ಮಿಶ್ರಣ ಉರಿಯುತ್ತದೆ. ಹಿಗ್ಗಿದ ಅನಿಲ ಪಿಸ್ಟನ್ನನ್ನು ಬಲವಾಗಿ ಕೆಳಕ್ಕೆ ತಳ್ಳುತ್ತದೆ. ಇದೇ ಮೂರನೆಯ ಹೊಡೆತ. ನಾಲ್ಕನೆಯದರಲ್ಲಿ ಸುಟ್ಟ ಅನಿಲ ಹೊರಹೋಗುತ್ತದೆ. ಅದರಲ್ಲಿ ಬಣ್ಣ, ವಾಸನೆಗಳಿಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಇರುವುದರಿಂದ, ಬಾಗಿಲು ಮುಚ್ಚಿದ ಕೊಠಡಿಯಲ್ಲಿ ಎಂಜಿನ್ನನ್ನು ಎಂದಿಗೂ ಚಾಲೂ ಇಡಬಾರದು.

ನಾಲ್ಕರಲ್ಲಿ ದುಡಿಯುವ ಹೊಡೆತ ಒಂದೇ. ನಾಲ್ಕು ಹೊಡೆತ ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿರುತ್ತದೆ. ನಿಮಿಷಕ್ಕೆ 3,000 ಸುತ್ತು ತಿರುಗುವ ಒಂದು ಸಿಲಿಂಡರಿನ ಎಂಜಿನ್ನಿನಲ್ಲಿ ದುಡಿಮೆಯ ಹೊಡೆತಗಳು 1,500. ಉಳಿದ ಮೂರು ಹೊಡೆತಗಳನ್ನು ನಡೆಸುವುದು ಫ್ಲೈವೀಲ್ ಎಂಬ ಭಾರವಾದ ಚಕ್ರ. ಒಮ್ಮೆ ಬಲವಾಗಿ ತಿರುಗಿಸಿದ ಬೀಸುವ ಕಲ್ಲು ಕೈ ಬಿಟ್ಟ ಮೇಲೂ ತಿರುಗುವಂತೆ, ಇದು ದುಡಿಮೆಯ ಬಲವನ್ನು ಕೂಡಿಟ್ಟುಕೊಂಡು ಎಂಜಿನ್ನನ್ನು ನಡೆಸುತ್ತದೆ.

ನಮ್ಮ ಮನೆಗಳಲ್ಲಿ ಹಿಂದೆ ಇದ್ದ ಬಹುಪಾಲು ಸ್ಕೂಟರುಗಳು ಎರಡು ಹೊಡೆತದವು. ಅವುಗಳಿಗೆ ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸುತ್ತಿದ್ದೆವು. ಅದು ಉರಿದು ಹೊಗೆಯಾಗುತ್ತಿತ್ತು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎಣ್ಣೆ ತಳದಲ್ಲಿ ಪ್ರತ್ಯೇಕವಾಗಿ ನಿಂತು, ಮತ್ತೆ ಮತ್ತೆ ಹರಿದು ಎಲ್ಲ ಭಾಗಗಳನ್ನೂ ತೋಯಿಸುತ್ತದೆ. ಪೆಟ್ರೋಲು ಹಾಕಿಸುವಾಗ ಅದು ನೆನಪಿಗೆ ಬಾರದು. ಮರೆವಿಗೆ ಇದೇ ಕಾರಣ. ಎಣ್ಣೆ ಬತ್ತಿದರೆ ಪಿಸ್ಟನ್ ಸಿಲಿಂಡರಿಗೆ ಒಣಗಾಗಿ ಉಜ್ಜಿ, ಕಾದು, ಕಚ್ಚಿಕೊಳ್ಳುತ್ತದೆ. ಓಡುತ್ತಿರುವಾಗಲೇ ಎಂಜಿನ್ ಹೀಗೆ ಬಿಗಿದರೆ ಹಿಂದಿನ ಚಕ್ರವೂ ಬಿಗಿದು, ಸವಾರನು ಹಿಂದೆ ಕುಳಿತ ಮಡದಿ ಮಕ್ಕಳೊಡನೆ ಬೀಳುವ ಅಪಾಯವುಂಟು.

ಆದುದರಿಂದ ವಾಹನವನ್ನು ಸಮನೆಲದಲ್ಲಿ ನೆಟ್ಟಗೆ ನಿಲ್ಲಿಸಿ, ಕೈಪಿಡಿಯಲ್ಲಿ ಹೇಳಿದಂತೆ ಎಣ್ಣೆಯ ಮಟ್ಟವನ್ನು ಆಗಾಗ ನೋಡುವುದು, ಅವಧಿಗೆ ತಪ್ಪದೆ ಅದನ್ನು ಬದಲಿಸುವುದು ಅಗತ್ಯ. ಸೋಮವಾರದ ಪೂಜೆಯನ್ನು ಮರೆಯದ ಮನೆಯವರು ಅದೇ ದಿನ ಇದನ್ನೂ ಇಟ್ಟುಕೊಂಡರೆ ನೆನಪು ತಪ್ಪದು. ನಮ್ಮನ್ನು ಕಾಯಕಕ್ಕೆ ಒಯ್ಯುವ ಯಂತ್ರವನ್ನು ನೋಡಿಕೊಳ್ಳುವುದೂ ಕಾಯಕವೇ.